ಮೊರಾವಿರ್‌ನ ಮೂರನೇ ಡೋಸು

ಮೊರಾವಿರ್ ಎಂಬ ಔಷಧ ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವುದಿಲ್ಲ. ನಾರಾಯಣಖೇಡದ ಅಂಗಡಿಯೊಂದರಲ್ಲಿ ಕೇಳಿ ನಾನು ನಗೆಪಾಟಲಾದವಳು. ಅಂಗಡಿಯವನು ಕಂಪ್ಯೂಟರಿನಲ್ಲಿ ಹುಡುಕಿದ, ತನ್ನ ಫೋನಿನಲ್ಲೂ ಹುಡುಕಿದ, ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ, "ಅಕ್ಕಾ, ಇದು ಗೇಮಿನಾಗಿನ ದವಾ. ಖರೇ ದವಾ ಅಲ್ಲ" ಎಂದ. ಹಿಂದೆ ನಿಂತಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ಔಷಧ ತರಲು ಕಳಿಸಿದ ಅವ್ವನ ಮೇಲೂ ಅಲ್ಲ, ಸತ್ತುಹೋದ ನನ್ನ ತಮ್ಮನ ಮೇಲೆ.

ಶಿವರಾಜ ನನಗಿಂತ ಆರು ವರ್ಷ ಚಿಕ್ಕವನು. ಕಲ್ಹೇರ್ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಭೀಮಶಾನ ಜೊತೆ ಕುರಿ ಕಾಯುತ್ತಿದ್ದ. ಕಾಯುವುದೆಂದರೆ ಕುರಿ ಮೇಯುತ್ತಿದ್ದವು, ಇವನು ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಫೋನಿನಲ್ಲಿ 'ಖಾಲಿ ಶಹರ' ಎಂಬ ಆಟ ಆಡುತ್ತಿದ್ದ. ಹೆದರಿಕೆಯ ಆಟ. ಒಂದು ಊರಿಗೆ ರೋಗ ಬಂದು ಮನುಷ್ಯರು ಮನುಷ್ಯರನ್ನೇ ಕಚ್ಚುತ್ತಾರೆ, ಆಡುವವನು ಅದರೊಳಗಿಂದ ಬದುಕಿ ಹೊರಗೆ ಬರಬೇಕು. ಆ ಆಟದ ಮೂರು ಭಾಗ ಬಂದಿದ್ದವು. ಆ ರೋಗಕ್ಕೆ ಕೊಡುವ ಔಷಧವೇ ಮೊರಾವಿರ್. ಊಟಕ್ಕೆ ಕೂತರೆ ಅವ್ವನಿಗೆ ಅದರದೇ ವರದಿ. "ಅವ್ವಾ, ಇವತ್ತ ಒಂದು ಮೊರಾವಿರ್ ಸಿಕ್ತು ನೋಡು" ಎನ್ನುವನು. ಅವ್ವ ರೊಟ್ಟಿ ಬಡಿಯುತ್ತಲೇ, "ಹಂಗಾರ ಜೋಪಾನ ಇಟ್ಕೋ, ಯಾವಾಗ ಬೇಕಾಗ್ತದೋ ಏನೋ" ಎನ್ನುವಳು. ಅವಳಿಗೆ ಅದೂ ಒಂದು ಗುಳಿಗೆ, ಅಷ್ಟೇ.

ಜ್ಯೇಷ್ಠದಲ್ಲಿ ಅದೇ ಬೇವಿನ ಮರಕ್ಕೆ ಸಿಡಿಲು ಬಿತ್ತು. ಶಿವರಾಜನ ಜೊತೆ ಹನ್ನೊಂದು ಕುರಿ ಹೋದವು. ಅವತ್ತು ಮೋಡ ಕವಿದಿತ್ತೆಂದು ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದ. ಹೆಣ ತಂದು ಅಂಗಳದಲ್ಲಿ ಮಲಗಿಸಿದಾಗ ಫೋನು ಗೋಡೆಯ ಗೂಡಿನಲ್ಲಿ ನೂರಕ್ಕೆ ನೂರು ತುಂಬಿ ಹಸಿರು ದೀಪ ತೋರಿಸುತ್ತಿತ್ತು.

ಅವ್ವ ಆವತ್ತಿನಿಂದ ಆ ಫೋನನ್ನು ಆರಲು ಬಿಡಲಿಲ್ಲ. ನಾನು ಜಹೀರಾಬಾದಿನ ಗಂಡನ ಮನೆಯಿಂದ ಮೂರು ದಿನಕ್ಕೆಂದು ಬಂದವಳು ನಾಲ್ಕು ತಿಂಗಳು ಅಲ್ಲೇ ಉಳಿದೆ. ನಮ್ಮವ್ವ ಮರೆಮ್ಮ, ಒಂದು ಕಾಲಕ್ಕೆ ಎರಡು ಟಗರನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ ಹೆಂಗಸು, ಊಟ ಬಿಟ್ಟು ಕಡ್ಡಿಯಾದಳು. ಬೆಳಿಗ್ಗೆ ಫೋನು ತೆಗೆದು ಆ ಆಟವನ್ನು ಒತ್ತುವಳು. ತಮ್ಮ ಬಿಟ್ಟಲ್ಲಿಗೇ ಅದು ತೆರೆದುಕೊಳ್ಳುವುದು: ಒಂದು ದೊಡ್ಡ ಕಬ್ಬಿಣದ ಗೇಟು, ಅದರ ಮುಂದೆ ಬೆನ್ನು ತೋರಿಸಿ ನಿಂತ ಒಬ್ಬ ಮನುಷ್ಯ, ಮೂಲೆಯಲ್ಲಿ ಗಿಣ್ಣುಹಾಲಿನ ಬಣ್ಣದ ಒಂದು ಸಣ್ಣ ಶೀಶೆ. ಆ ಮನುಷ್ಯ ಉಸಿರಾಡುತ್ತಿದ್ದ. ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ಅವ್ವ ಅದನ್ನೇ ಸಂಜೆಯವರೆಗೆ ನೋಡುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅವಳು ಆಡಿದ್ದು ಒಂದೇ ಮಾತು. ಆ ಶೀಶೆಗೆ ಬೆರಳಿಟ್ಟು, "ಮೊರಾವಿರ್ ತಾ" ಎಂದಿದ್ದಳು. ಹುಚ್ಚಿಯ ಹಾಗೆ ನಾನು ಬಸ್ಸು ಹತ್ತಿ ಹೋಗಿ ಕೇಳಿದ್ದೆ. ಅದೇ ದಿನ ದವಾಖಾನೆಯ ಡಾಕ್ಟರು, "ಹೊಟ್ಟೆಗೆ ಹೋಗದಿದ್ದರೆ ದೀಪಾವಳಿ ದಾಟೋದು ಕಷ್ಟ" ಎಂದು ಮುಖ ನೋಡದೆ ಹೇಳಿದರು.

ದೀಪಾವಳಿಗೆ ಇಪ್ಪತ್ತೈದು ದಿನವಿದ್ದಾಗ ಫೋನು ಮಾತಾಡಿತು. ನಾನು ಅಂಗಳ ಗುಡಿಸುತ್ತಿದ್ದೆ. ಒಳಗಿನಿಂದ ಗಂಡಸಿನ ದನಿ: "ಶಿವ್ಯಾ, ದಿನಾ ಆಟದಾಗ ಕಾಣಸ್ತಿ. ಗೇಟಿನ ಮುಂದ ಸುಮ್ಮ ನಿಂತಿರ್ತಿ. ಮಾತ್ಯಾಕ ಆಡವಲ್ಲಿ? ನನ್ನ ಮ್ಯಾಲ ಸಿಟ್ಟದ ಏನು?"

ನಾನು ಓಡಿಹೋಗಿ ನೋಡಿದರೆ ಅವ್ವ ತಲೆ ಎತ್ತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಗಿಲ ಕಡೆ ನೋಡುತ್ತಿದ್ದಳು.

ದನಿ ಕಾಶಿನಾಥನದು. ಧಾರೂರು ಕಡೆಯ ಒಕ್ಕಲುತನದ ಮನೆಯ ಹುಡುಗ, ಇಪ್ಪತ್ತಮೂರು ವರ್ಷ, ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸ. ಶಿವರಾಜನೂ ಅವನೂ ಆಟದೊಳಗೇ ಮಾತಾಡಿಕೊಂಡು ಜೊತೆಯಾಗಿದ್ದವರು, ಒಬ್ಬರನ್ನೊಬ್ಬರು ಕಣ್ಣಿಂದ ಕಂಡವರಲ್ಲ. ನಾನು ಸುದ್ದಿ ಹೇಳಿದಾಗ ಯಾವ ದಿನ, ಹೇಗೆ ಎಂದು ಎರಡೆರಡು ಸಲ ಕೇಳಿದ. ಆಮೇಲೆ, "ಅಕ್ಕಾ, ಹಂಗಾರ ನಾಕ ತಿಂಗಳಿಂದ ಅಲ್ಲಿ ನಿಂತವ ಯಾರು?" ಎಂದ. ಅವ್ವ ಎಂದೆ. ಎರಡೇ ದಿನದಲ್ಲಿ ಕೆಲಸಕ್ಕೆ ರಜೆ ಹಾಕಿ ಬಂದೇಬಿಟ್ಟ. ಒಳ್ಳೆಯ ಹುಡುಗ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ್ದು ಎಂಥದೆಂದು ತಿಳಿಯಲಿ.

ಅವನು ಬಂದಾಗ ಅಪ್ಪ ದೊಡ್ಡಿಯಲ್ಲಿ ಕೂತಿದ್ದ. ಬೆಳಿಗ್ಗೆ ಒಂದು ಕುರಿ ಈದು ಅದರ ಮರಿ ಸತ್ತಿತ್ತು. ಇನ್ನೊಂದು ಕುರಿಗೆ ಎರಡು ಮರಿ, ಹಾಲು ಒಂದಕ್ಕಷ್ಟೇ ಸಾಲುವುದು. ಅಪ್ಪ ಸತ್ತ ಮರಿಯ ಚರ್ಮ ಸುಲಿದು, ಕಾಲಿನ ತೂತುಗಳಲ್ಲಿ ಆ ಎರಡರಲ್ಲೊಂದು ಮರಿಯ ಕಾಲು ತೂರಿಸಿ, ಅಂಗಿಯ ಹಾಗೆ ತೊಡಿಸುತ್ತಿದ್ದ. ನಮ್ಮಲ್ಲಿ ಇದೇನು ಹೊಸದಲ್ಲ. ಕಾಶಿನಾಥನಿಗೆ ಹೊಸದು. ಆದರೂ ಕೂತು ಮರಿಯನ್ನು ಹಿಡಿದುಕೊಟ್ಟ, ಅಂಗಿ ತುಂಬ ರಕ್ತ ಮಾಡಿಕೊಂಡ. ಮರಿಯನ್ನು ಬಿಟ್ಟಾಗ, ತನ್ನ ಮರಿ ಸತ್ತಿದ್ದ ಕುರಿ ಅದರ ಬಾಲದ ಬುಡ ಮೂಸಿತು, ಮತ್ತೆ ಮೂಸಿತು, ಸುಮ್ಮನೆ ನಿಂತು ಹಾಲು ಕೊಟ್ಟಿತು.

"ಬರೇ ಮೂಸ್ತದೇನ್ರಿ ಕಾಕಾ, ಮಾರಿ ನೋಡಂಗಿಲ್ಲ?" ಎಂದ ಕಾಶಿನಾಥ.

"ಮೂಗಿಗಿ ಖರೇ ಆದರ ಕಣ್ಣಿಗೂ ಖರೇನೇ" ಎಂದ ಅಪ್ಪ. "ಮೂರು ದಿನ ಬಿಡಬೇಕು. ಅಷ್ಟರಾಗ ಹಾಲು ಹೊಟ್ಟ್ಯಾಗ ಇಳದು ಮರಿಗೇ ಈ ಕುರಿ ವಾಸನಿ ಬರ್ತದ. ನಾಕನೇ ದಿನ ಬಿಚ್ಚಿ ಒಗೀಬೇಕು. ಬಿಚ್ಚಲಿಲ್ಲಂದ್ರ ಚರ್ಮ ಒಣಗಿ ಮೈಗಿ ಹತ್ತತದ. ಆಮ್ಯಾಲ ಹಡೆದ ತಾಯಿನೇ ಎದುರಿಗೆ ಬಂದರೂ ಗುರ್ತ ಸಿಗದ ಮರಿಗೇ ಹಾಯ್ತದ. ನಾ ನೋಡೀನಿ."

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಳಗೆ ಹೋಗಿ ಟ್ರಂಕು ತೆಗೆದೆ. ಶಿವರಾಜನ ಒಗೆದ ಅಂಗಿ ನಾಲ್ಕಿದ್ದವು. ಒಗೆಯದ್ದು ಒಂದಿತ್ತು, ಸಿಡಿಲಿನ ಹಿಂದಿನ ದಿನ ಬಿಚ್ಚಿ ಎಸೆದಿದ್ದ ನೀಲಿ ಚೌಕಳಿಯದು, ಬೆವರಿನ, ಕುರಿಯ, ಅವನ ತಲೆಯ ಎಣ್ಣೆಯ ವಾಸನೆ ಹಾಗೇ ಇದ್ದದ್ದು. ಸ್ನಾನ ಮಾಡಿ ಬಂದ ಹುಡುಗನಿಗೆ ನಾನು ಕೊಟ್ಟದ್ದು ಅದನ್ನು. ಹೆಗಲಿಗೆ ಶಿವರಾಜ ಹೊದೆಯುತ್ತಿದ್ದ ಕಂಬಳಿ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ ಎಂದು ಊರವರಿಗೆ ಹೇಳಿದ್ದೇನೆ, ಅದು ಸುಳ್ಳು.

ಅವ್ವ ಎದ್ದಳು. ಗೋಡೆ ಹಿಡಿದುಕೊಂಡು ಬಂದು ಅವನ ಕುತ್ತಿಗೆಯ ಹತ್ತಿರ ಮುಖ ಇಟ್ಟಳು. ಅವನು ಗಾಬರಿಯಿಂದ ನನ್ನ ಕಡೆ ನೋಡಿದ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಅವ್ವ ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಒಲೆಯ ಮುಂದೆ ಕೂತು ಜೋಳದ ಹಿಟ್ಟು ಕಲಸಿದಳು. ಅವನಿಗೆ ಎರಡು ರೊಟ್ಟಿ ಬಡಿದು, ಮೂರನೆಯದನ್ನು ಮುರಿದು ತಾನು ತಿಂದಳು. ನಾನು ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಮಧ್ಯಾಹ್ನ ಕಾಶಿನಾಥ ಶಿವರಾಜನ ಫೋನು ಹಿಡಿದು ನನಗೆ ಮೊರಾವಿರ್ ಕಥೆ ಹೇಳಿದ. ಪಕ್ಕದಲ್ಲಿ ಅವ್ವ.

"ಮೊದಲನೇ ಭಾಗದಾಗ ಈ ದವಾ ರೋಗ ಕೊಲ್ತದ ಅಂತಾರ ಅಕ್ಕಾ. ಎರಡನೇ ಭಾಗದಾಗ, ಕೊಲ್ಲಂಗಿಲ್ಲ, ಮಲಗಸ್ತದ ಅಂತಾರ. ಮೂರನೇದ್ರಾಗ ಅದನ್ನ ಮಾಡಿದ ಡಾಕ್ಟರನ ಡೈರಿ ಸಿಗ್ತದ. ಅದು ಎರಡೂ ಮಾಡಂಗಿಲ್ಲ. ರೋಗ ಬಂದವರ ವಾಸನಿ ನಮಗ ಹಚ್ಚತದ, ಅಷ್ಟೇ. ಅವರು ನಮ್ಮನ್ನ ತಮ್ಮವ ಅಂತ ತಿಳದು ಬಿಟ್ಟುಬಿಡ್ತಾರ. ಮೂರು ಡೋಸು. ಮೂರನೇದು ತಗೊಂಡರ ಇಡೀ ಶಹರದಾಗ ಯಾರೂ ಮುಟ್ಟಂಗಿಲ್ಲ, ಆರಾಮ ತಿರಗಾಡಬಹುದು. ಆದರ ಗೇಟಿನ ಹೊರಗ ಇರೋ ನಮ್ಮ ಜನ ನಮ್ಮ ಗುರುತ ಹಿಡಿಯಂಗಿಲ್ಲ."

"ಮತ್ತ ಶಿವರಾಜ?"

"ಎರಡು ತಗೊಂಡಾನ. ಮೂರನೇದು ಇಟ್ಟುಕೊಂಡು ಕೂತಾನ. ನನಗ ಹೇಳ್ತಿದ್ದ, ಅದು ತಗೊಂಡು ಗೆದ್ದರ ಗೆದ್ದದ್ದು ಯಾರು ಅಂತ."

ಆ ಮಾತು ನನ್ನ ತಮ್ಮನದೇ. ಅವನಿಗೆ ಅಂಥ ಮಾತು ಬರುತ್ತಿದ್ದವು.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಮರಿಯ ಮೈಮೇಲಿನ ಚರ್ಮ ಕತ್ತರಿಸಿ ತಿಪ್ಪೆಗೆ ಎಸೆದ. ಮರಿ ನೆಗೆಯುತ್ತ ಹೋಗಿ ಆ ಕುರಿಯ ಕೆಚ್ಚಲಿಗೇ ಬಾಯಿ ಹಾಕಿತು. ಅಪ್ಪ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು, "ನಾಗೂ, ಇವತ್ತ ನಾಕನೇ ದಿನ. ಹುಡುಗನ್ನ ಕಳಸು" ಎಂದ.

"ಅವ್ವ ಇವತ್ತ ಎರಡು ರೊಟ್ಟಿ ತಿಂದಾಳ" ಎಂದೆ.

"ಅದಕ್ಕೇ ಹೇಳ್ತಿದೀನಿ."

"ಇನ್ನ ಸ್ವಲ್ಪ ದಿನ ಇರಲಿ. ದೀಪಾವಳಿ ದಾಟಲಿ. ನಿನಗೇನು, ನಿನಗ ಕುರಿ ಅವ. ನನಗ ಇರಾಕಿ ಒಬ್ಬಾಕಿನೇ ಅವ್ವ." ಅಪ್ಪನಿಗೆ ಹಾಗೆ ಎಂದೂ ಅಂದವಳಲ್ಲ. ಅವನು ಬಡಿಗೆ ತೆಗೆದುಕೊಂಡು ಹೊರಟುಹೋದ.

ಕಾಶಿನಾಥನಿಗೆ ನಾನೇ ಕೈ ಮುಗಿದೆ, ಇನ್ನಷ್ಟು ದಿನ ಇರು ತಮ್ಮಾ ಎಂದು. ಅವನು ಇಲ್ಲವೆನ್ನಲಾರದವನು. ಆಗ ಅವನ ಫೋನಿಗೆ ಅವನ ತಾಯಿ ಸಕ್ಕುಬಾಯಿ ದಿನಕ್ಕೆ ಎರಡು ಸಲ ಕರೆ ಮಾಡುತ್ತಿದ್ದಳು. "ಆಯಿ, ಬರ್ತೀನಿ, ಬರ್ತೀನಿ" ಎನ್ನುತ್ತಿದ್ದ. ಆ ಆಯಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವ್ವನ ಕೈ ತುತ್ತಿನ ಮೇಲೆ ನಿಂತುಬಿಡುತ್ತಿತ್ತು. ಐದನೇ ದಿನ ನಾನು ಅವನ ಫೋನಿನ ಸದ್ದು ತೆಗೆದು ಜೋಳದ ಡ್ರಮ್ಮಿನೊಳಗೆ ಮೊಣಕೈವರೆಗೆ ಹೂತಿಟ್ಟೆ. ಆವತ್ತು ಅವನು ಮನೆಯೆಲ್ಲ ಹುಡುಕಿದ. ಮರುದಿನ ಒಮ್ಮೆ ಕೇಳಿದ. ಏಳನೇ ದಿನದಿಂದ ಕೇಳಲೇ ಇಲ್ಲ.

ಅಲ್ಲಿಗೇ ನನಗೆ ಹೆದರಿಕೆಯಾಗಬೇಕಿತ್ತು. ಆದರೆ ಅವ್ವ ಮಾತಾಡತೊಡಗಿದ್ದಳು, ನೆರೆಮನೆಯವಳ ಜೊತೆ ಜಗಳ ಕೂಡ ಆಡಿದಳು. ಅವನು ಕುರಿ ಹೊಡೆದುಕೊಂಡು ಹೋಗಿ ಸಂಜೆ ಬರುತ್ತಿದ್ದ. ಮೊದಲ ದಿನ ಅವನನ್ನು ನೋಡಿ ಗುರ್ ಎಂದಿದ್ದ ನಾಯಿ ಅವನ ಕಾಲ ಬಳಿ ಮಲಗುತ್ತಿತ್ತು. ಕುಂಟ ಟಗರಿಗೆ ಶಿವರಾಜ ಹಾಕುತ್ತಿದ್ದ ಒಂದು ಸಿಳ್ಳೆಯಿತ್ತು, ಕೊನೆಯಲ್ಲಿ ಮುರಿಯುವ ಸಿಳ್ಳೆ. ಒಂಬತ್ತನೇ ದಿನ ನಾನು ಹಿತ್ತಿಲಲ್ಲಿದ್ದಾಗ ಅದು ಕೇಳಿಸಿತು. ಕೈಲಿದ್ದ ಕೊಡ ಹಾಗೇ ಹಿಡಿದು ನಿಂತೆ. ಯಾರು ಕಲಿಸಿದರೆಂದು ಕೇಳಿದರೆ, "ಮೊದಲಿಂದ ಹಿಂಗೇ ಹಾಕ್ತೀನಲ್ಲಕ್ಕಾ" ಎಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಬಂದ ದಿನ ಅವನ ಉಗುರುಗಳ ಸಂದಿಯಲ್ಲಿ ಫರ್ಸಿ ಕಲ್ಲಿನ ಬಿಳಿ ಪುಡಿ ಇತ್ತು. ಎಷ್ಟು ತೊಳೆದರೂ ಹೋಗುವುದಿಲ್ಲ, ಸಾಯುವವರೆಗೆ ಇರುತ್ತದೆ ಎಂದು ತಾನೇ ತೋರಿಸಿದ್ದ. ಹತ್ತನೇ ದಿನ ಊಟಕ್ಕೆ ಕೂತಾಗ ನೋಡಿದೆ. ಇರಲಿಲ್ಲ. ಉಗುರಿನಲ್ಲಿ ಕುರಿಯ ಉಣ್ಣೆಯ ಎಳೆಗಳಿದ್ದವು.

"ಅವ್ವಾ, ಇನ್ನೊಂದು ರೊಟ್ಟಿ" ಎಂದ ಕಾಶಿನಾಥ.

ಅದಕ್ಕಿಂತ ಮೊದಲು ಅವಳನ್ನು ಕಾಕು ಎನ್ನುತ್ತಿದ್ದ.

ಆವತ್ತೇ ಅಂಗಿ ಬಿಚ್ಚಿಸಲು ಹೋದೆ. ಅವನ ಸ್ವಂತ ಬಟ್ಟೆಯ ಚೀಲಕ್ಕಾಗಿ ಹುಡುಕಿದರೆ ಸಿಗಲಿಲ್ಲ. ಅವ್ವ ನೀರೊಲೆಯ ಮುಂದೆ ಕೂತಿದ್ದಳು. ಬೂದಿಯಲ್ಲಿ ಪ್ಯಾಂಟಿನ ಗುಂಡಿ, ಕರಗಿದ ಚೀಲದ ಜಿಪ್ಪು. ರಕ್ತವಾಗಿದ್ದ ಅಂಗಿಯನ್ನು ಮೊದಲ ದಿನವೇ ಸುಟ್ಟಿದ್ದಳಂತೆ. "ಯಾರವೋ ಅರಬಿ ನಮ್ಮ ಮನ್ಯಾಗ ಯಾಕ?" ಎಂದಳು ನಮ್ಮವ್ವ, ಬೆಂಕಿ ಕೆದಕುತ್ತ, ಬಹಳ ಸಮಾಧಾನದಿಂದ. ನಾನು ಅವನ ಹೆಗಲಿನಿಂದ ಕಂಬಳಿ ಎಳೆದೆ. ಅವನು ಬಿಡಲಿಲ್ಲ. "ಚಳಿ ಆಗ್ತದಕ್ಕಾ" ಎಂದ, ಆ ಉರಿಬಿಸಿಲಿನಲ್ಲಿ.

ದೀಪಾವಳಿ ಬಂತು, ಹೋಯಿತು. ಅವ್ವ ಹೊಸ ಸೀರೆ ಉಟ್ಟಳು. ಅದರ ಮರುದಿನ ಮಧ್ಯಾಹ್ನ ಅವರಿಬ್ಬರೂ ಫೋನು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಅದೇ ಗೇಟು, ಅದೇ ಬೆನ್ನು, ಅದೇ ಶೀಶೆ.

"ತಗೋಲೇನವ್ವ?" ಎಂದ ಅವನು.

"ಬ್ಯಾಡ!" ಎಂದೆ ನಾನು. ಆಟ ಅಷ್ಟೇ ಎಂದು ಗೊತ್ತಿದ್ದೂ ನನ್ನ ದನಿ ಕಿರುಚಿತು.

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಬ್ಬೆರಳು ಚಾಚಿ, ಶೀಶೆಯನ್ನು ತಾನೇ ಒತ್ತಿದಳು. ಪರದೆಯ ಮೇಲಿನ ಮನುಷ್ಯ ಕುತ್ತಿಗೆಗೆ ಸೂಜಿ ಚುಚ್ಚಿಕೊಂಡ. ನಾಲ್ಕು ತಿಂಗಳು ಬೆನ್ನು ತೋರಿಸಿ ನಿಂತಿದ್ದವನು ನಿಧಾನಕ್ಕೆ ತಿರುಗಿ, ಗೇಟಿಗೆ ಬೆನ್ನು ಮಾಡಿ, ಖಾಲಿ ಶಹರದೊಳಗೆ ನಡೆದುಹೋದ. ಅವ್ವ ಫೋನನ್ನು ಗೂಡಿನಲ್ಲಿಟ್ಟಳು. ಆವತ್ತಿನಿಂದ ಅದಕ್ಕೆ ಚಾರ್ಜು ಹಾಕಲಿಲ್ಲ. ಎರಡು ದಿನಕ್ಕೆ ಅದು ಆರಿತು.

ಸಕ್ಕುಬಾಯಿ ಬಂದದ್ದು ಅದಾದ ಮೂರನೇ ದಿನ. ತಾಂಡೂರು, ಜಹೀರಾಬಾದ್, ನಾರಾಯಣಖೇಡ, ಮೂರು ಬಸ್ಸು ಬದಲಿಸಿ, ಮಗ ಹೇಳಿದ್ದ ಊರಿನ ಹೆಸರೊಂದನ್ನೇ ಹಿಡಿದು ಬಂದಿದ್ದಳು. ಕಚ್ಚೆ ಹಾಕಿದ ಸೀರೆ, ಕೈಯಲ್ಲಿ ಮಗನಿಗೆಂದು ತಂದ ಒಂದು ಡಬ್ಬಿ. ಹನ್ನೆರಡರ ಬಿಸಿಲು. ಅಂಗಳದ ನಟ್ಟನಡುವೆ ಅವ್ವ ಅವನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಸಕ್ಕುಬಾಯಿಗೂ ಅವನಿಗೂ ನಡುವೆ ನಾಲ್ಕು ಹೆಜ್ಜೆ.

ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಗುರವೂ ಆಯಿತು. ಬಯ್ಯಲಿ, ಚಪ್ಪಲಿ ತೆಗೆದುಕೊಂಡು ಹೊಡೆಯಲಿ, ಮಗನನ್ನು ಎಳೆದುಕೊಂಡು ಹೋಗಲಿ.

ಅವಳು ನನ್ನನ್ನು ನೋಡಿದಳು. ಅವ್ವನನ್ನು ನೋಡಿದಳು. ಅವನನ್ನು ನೇರವಾಗಿ, ಮುಖಕ್ಕೆ ಮುಖ ಕೊಟ್ಟು ನೋಡಿದಳು. ನೋಡಿ, "ತಮ್ಮಾ, ನನ್ನ ಮಗ ಕಾಶಿನಾಥ ಇದೇ ಮನಿಗಿ ಬಂದಿದ್ದ. ಎಲ್ಲಿ ಹಾನ, ಗೊತ್ತೇನಪ್ಪ?" ಎಂದಳು.

"ಗೊತ್ತಿಲ್ಲರಿ" ಎಂದ ಕಾಶಿನಾಥ. ಮರ್ಯಾದೆಯಿಂದ ಎದ್ದು ನಿಂತು ಹೇಳಿದ, ಪರವೂರಿನ ಹೆಂಗಸಿಗೆ ಹೇಳುವ ಹಾಗೆ.

"ಇವನೇರಿ! ಇವನೇ ನಿಮ್ಮ ಮಗ! ನೋಡ್ರಿ ಸರಿಯಾಗಿ!" ಎಂದು ಅವನ ರಟ್ಟೆ ಹಿಡಿದು ಅವಳ ಮುಂದೆ ನೂಕಿದೆ. ಕಂಬಳಿ ಕಿತ್ತು ಎಸೆದೆ. ಅಂಗಿಗೆ ಕೈ ಹಾಕಿ ಎಳೆದೆ, ಗುಂಡಿ ಹಾರಿದವು. ಬೆವರಿಗೆ ಅದು ಬೆನ್ನಿಗೆ ಹತ್ತಿಕೊಂಡಿತ್ತು, ಬಿಡಿಸುವಾಗ ಅವನು ನೋವಿನಿಂದ ಹಾ ಎಂದ. ಕೊಡ ಎತ್ತಿ ತಲೆಯ ಮೇಲೆ ಸುರಿದೆ. "ಆಯಿ ಅನ್ನೋ! ಆಯಿ ಅಂತ ಕರಿಯೋ ಆಕಿನ್ನ!"

ಅವನು ನನ್ನ ಅವಸ್ಥೆ ನೋಡಿ ಕನಿಕರಪಟ್ಟು, ಹೇಳಿದ್ದನ್ನು ಮಾಡಿದ. "ಆಯಿ" ಎಂದ. ಆ ಮಾತು ಅವನ ಬಾಯಲ್ಲಿ ಎಲ್ಲೋ ತಪ್ಪಿ ಬಂತು, ಮೊದಲ ಸಲ ಆಡುವವನ ಹಾಗೆ. ಸಕ್ಕುಬಾಯಿ ಒಂದು ಹೆಜ್ಜೆ ಮುಂದೆ ಬಂದಳು. ಅವನ ಹಸಿ ಎದೆಯ ಹತ್ತಿರ ಮುಖ ತಂದಳು. ಅವಳ ಮೂಗು ಅರಳಿತು. ಆಮೇಲೆ ಎರಡೂ ಕೈಯಿಂದ ಅವನನ್ನು ದೂರ ತಳ್ಳಿದಳು.

"ಯಾಕವ್ವ ಹಿಂಗ ಮಾಡ್ತಿ?" ಎಂದಳು ನನಗೆ. ಅಳುತ್ತಿದ್ದಳು. "ಮಗ ಕಾಣವಲ್ಲ ಅಂತ ಬಂದಾಕಿಗಿ ಯಾರದೋ ಮಗನ್ನ ತೋರಸ್ತಿ. ನನ್ನ ಮಗನ್ನ ನಾ ಗುರ್ತ ಹಿಡಿಯಂಗಿಲ್ಲೇನು?"

ದೊಡ್ಡಿಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಲ್ಲವನ್ನೂ ನೋಡಿದ್ದ. ತಿರುಗಿ ಒಳಗೆ ಹೋದ. ಅವ್ವ ಅಂಗಳದಲ್ಲಿ ಬಿದ್ದಿದ್ದ ಕಂಬಳಿ ಕೊಡವಿ, ನಡುಗುತ್ತಿದ್ದ ಅವನ ಹೆಗಲಿಗೆ ಹೊದಿಸಿ, ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದಳು. ಹೋಗುವಾಗ ಅವನು ತಿರುಗಿ ನೋಡಿ, "ಪಾಪ, ಯಾರಕ್ಕಾ ಆಕಿ? ಆಕಿಗೂ ಒಂದು ರೊಟ್ಟಿ ಕೊಡು" ಎಂದ.

ಸಕ್ಕುಬಾಯಿ ಊರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟಳು. ಬಂದ ಬಸ್ಸು ಹತ್ತಲಿಲ್ಲ. ನಾನು ರೊಟ್ಟಿ ಒಯ್ದೆ, ಮುಟ್ಟಲಿಲ್ಲ. ನನ್ನ ತಪ್ಪನ್ನೆಲ್ಲ ಹೇಳಿದೆ, ಅಂಗಿ, ಮೂರು ದಿನ, ಎಲ್ಲ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಗ ಜೋಳದ ಡ್ರಮ್ಮು ನೆನಪಾಯಿತು. ಓಡಿಹೋಗಿ ಮೊಣಕೈವರೆಗೆ ಕೈ ಹಾಕಿ ತೆಗೆದೆ. ಕಾಶಿನಾಥನ ಫೋನು, ಆರಿತ್ತು, ಗಾಜಿನ ಅಂಚಿನಲ್ಲಿ ಫರ್ಸಿಯ ಬಿಳಿ ಪುಡಿ ಇನ್ನೂ ಕೂತಿತ್ತು.

ಅದನ್ನು ಕಟ್ಟೆಗೆ ಒಯ್ದು ಅವಳ ಕೈಯಲ್ಲಿಟ್ಟ ಕೂಡಲೇ ಅವಳ ಮುಖ ಬೇರೆಯಾಯಿತು. ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದಳು. "ನನ್ನ ಕಾಶ್ಯಾ" ಎಂದಳು. ಎದೆಗೆ ಒತ್ತಿಕೊಂಡು, ನನ್ನ ಕಡೆ ನೋಡಿ, "ಇದಕ್ಕ ಚಾರ್ಜರ್ ಅದ ಏನವ್ವ ನಿಮ್ಮ ಮನ್ಯಾಗ?" ಎಂದು ಕೇಳಿದಳು.

ಇತ್ತು. ನಮ್ಮ ಗೂಡಿನ ಪಕ್ಕದ ಗೋಡೆಯಲ್ಲಿ ನಾಲ್ಕು ತಿಂಗಳು ಒಂದು ದಿನವೂ ಬಿಡದೆ ಇದ್ದದ್ದು, ಈಗ ಯಾರಿಗೂ ಬೇಡವಾಗಿ ನೇತಾಡುತ್ತಿತ್ತು. ಒಳಗೆ ಅವ್ವ ನಗುತ್ತಿರುವುದು ಕೇಳಿಸುತ್ತಿತ್ತು. ನಾನು ಅದನ್ನು ಗೋಡೆಯಿಂದ ಕಿತ್ತು ತೆಗೆದುಕೊಂಡು ಹೋಗಿ ಆ ತಾಯಿಯ ಕೈಗೆ ಕೊಟ್ಟೆ.